ಬೀಗರ ಕೈಯ ಗೆಣಸಿನ ಹೋಳಿಗೆ

|| ಶ್ರೀ ಬೀರೇಶ್ವರ ಪ್ರಸನ್ನ ||

ಹಲಸಿ, ತಾ. ಖಾನಾಪುರ
೩೦-೧-೨೦೨೫, ಗುರುವಾರ

ಚಿ. ಸೌ. ಸಮೃದ್ಧಿಗೆ ನಿನ್ನ ನಾಗಲಿಂಗ ಕಾಕಾನ ಆಶೀರ್ವಾದಗಳು.

ಇಲ್ಲಿ ನಿನ್ನ ಅಪ್ಪ ಕ್ಷೇಮ, ನಿನ್ನ ಅವ್ವ ಕ್ಷೇಮ, ತ್ರಿವೇಣಿ ಕಾಕು ಕ್ಷೇಮ, ಎಮ್ಮೆಯೂ ಕ್ಷೇಮ. ನನ್ನೊಬ್ಬನ ಹೊಟ್ಟೆಯಲ್ಲಿ ಮಾತ್ರ ಉರಿ. ಡಾಕ್ಟರಿಗೆ ತೋರಿಸುವಂಥ ಉರಿಯಲ್ಲ, ಬೇರೆ ಉರಿ. ಏಳು ತಿಂಗಳ ಬಸುರಿಗೆ ಇಂಥದ್ದೆಲ್ಲ ಬರೆಯಬಾರದು ಎಂದು ನಿನ್ನ ಕಾಕು ಅಡುಗೆಮನೆಯಿಂದಲೇ ಕೂಗುತ್ತಿದ್ದಾಳೆ. ಕೂಗಲಿ ಬಿಡು. ಕಾಗದ ನನ್ನದು, ಪೆನ್ನು ನನ್ನದು, ಉರಿಯೂ ನನ್ನದೇ.

ಈ ಕಾಲದಲ್ಲಿ ಕಾಕಾ ಫೋನು ಬಿಟ್ಟು ಪತ್ರ ಬರೆಯಲು ಯಾಕೆ ಕುಳಿತ ಎಂದು ನೀನು ಕೇಳುವುದಿಲ್ಲ, ಕಾರಣ ನಿನಗೆ ಗೊತ್ತು. ಮನೆಯ ಗ್ರೂಪಿನಲ್ಲಿ ನಿನ್ನ ಮಾವನವರೂ ಇದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ನಮ್ಮ ನಮ್ಮವರೇ ಇರುತ್ತಾರೆಂದು ತಿಳಿದು, ಬಟನ್ ಒತ್ತಿ ಹಿಡಿದು, "ಗುಂಡಗ ಇದ್ದ ಮಾತ್ರಕ್ಕ ಹೋಳಿಗಿ ಆಗತೈತೇನ? ಸ್ಕೂಟರ್ ಗಾಲಿನೂ ಗುಂಡಗ ಇರತೈತಿ!" ಎಂದು ಒಂದು ಮಾತು ಬಿಟ್ಟೆ. ಮಾತು ಮಹಾಂತೇಶ ನಗರದ ನಿನ್ನ ಗಂಡನ ಮನೆಯವರೆಗೆ ಹೋಯಿತು. ಬೀಗರೇ ಅದಕ್ಕೆ ಕೈಮುಗಿದ ಚಿತ್ರ ಕಳಿಸಿದರು. ಅಂದಿನಿಂದ ನಿನ್ನ ಕಾಕು, "ಇನ್ನ ಮ್ಯಾಲ ನೀವು ಫೋನ್ ಬಂದ್ರ ಎತ್ತೂದು, ಮುಗದ ಮ್ಯಾಲ ಇಡೂದು. ಅದರಾಗ ಮಾತಾಡಿ ಬಿಡೂ ಕೆಲಸಕ್ಕ ಹೋಗಬ್ಯಾಡ್ರಿ" ಎಂದು ಕಟ್ಟಪ್ಪಣೆ ಮಾಡಿದ್ದಾಳೆ. ಇರಲಿ. ಏಳನೆಯ ಇಯತ್ತೆಯವರೆಗೆ ಓದಿದವನಿಗೆ ಫೋನೇ ಬೇಕೆಂದೇನೂ ಇಲ್ಲ. ಇಂದಿಗೂ ಊರಿನಲ್ಲಿ ಲಗ್ನಪತ್ರಿಕೆಯ ಲಕೋಟೆಗಳ ಮೇಲೆ ಹೆಸರು ಬರೆಯಲು ನನ್ನನ್ನೇ ಕರೆಯುತ್ತಾರೆ. ನನ್ನ ಅಕ್ಷರ ನೋಡಿಯೇ ಲಗ್ನಕ್ಕೆ ಬಂದವರಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ.

ಸಂಕ್ರಾಂತಿಯ ಮರುದಿನ ನಾನು ಹಿತ್ತಲಿನಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದೆ. ವೈನಿ, ಅಂದರೆ ನಿನ್ನ ಅವ್ವ, ಫೋನು ಹಿಡಿದುಕೊಂಡು ಓಡಿಬಂದಳು. "ನಾಗಲಿಂಗಾ, ನೋಡಿಲ್ಲಿ, ಬೀಗರು ಹೋಳಿಗಿ ಮಾಡ್ಯಾರ!" ನೋಡಿದೆ. ತಾಟಿನಲ್ಲಿ ಗೆಣಸಿನ ಹೋಳಿಗೆ. ಕಂಪಾಸಿನಿಂದ ಗೆರೆ ಹೊಡೆದಂಥ ಗುಂಡು. ಅದರ ಕೆಳಗೆ ನೀನು ಬರೆದದ್ದು: "ನಮ್ಮ ಮಾವನವರು ಮಾಡಿದ ಗೆಣಸಿನ ಹೋಳಿಗೆ. ಇಷ್ಟು ರುಚಿಯಾದದ್ದನ್ನು ನಾನು ಎಲ್ಲಿಯೂ ತಿಂದಿಲ್ಲ."

ಎಲ್ಲಿಯೂ!

ನನ್ನ ಕೈಯಲ್ಲಿದ್ದ ತೆಂಗಿನ ಚಿಪ್ಪು ಎಮ್ಮೆಯ ಬೆನ್ನ ಮೇಲೆಯೇ ನಿಂತಿತು. "ವೈನಿ, ಈ 'ಎಲ್ಲಿಯೂ' ಅನ್ನೂದರಾಗ ಹಲಸಿ ಬರತೈತೇನ?" ಎಂದು ಕೇಳಿದೆ. ವೈನಿ ನಕ್ಕಳು. "ಬರದ ಎಲ್ಲಿ ಹೋಗತೈತಿ? ಹಲಸಿ ಏನ ಗೋವಾದಾಗ ಐತೇನ?" ಎಂದಳು. ನಿನ್ನ ಅವ್ವನ ಬಾಯಿ ನಿನಗೂ ಬಂದಿದೆ ನೋಡು.

ಸಮ್ಮವ್ವಾ, ಖಾನಾಪುರ ತಾಲೂಕಿನಲ್ಲಿ ಗೆಣಸು ಬೆಳೆಯುವವರು ಸಾಕಷ್ಟು ಜನ ಇದ್ದಾರೆ. ಗೆಣಸಿನಿಂದ ಹೋಳಿಗೆ ಎಂಬುದನ್ನು ಹೋಳಿಗೆಯ ಹಾಗೆ ಮಾಡುವವನು ಒಬ್ಬನೇ. ಅವನ ಹೆಸರನ್ನು ನಾನೇ ಬರೆದುಕೊಳ್ಳುವಷ್ಟು ಗರ್ವ ನನಗಿಲ್ಲ. ಪತ್ರದ ಕೊನೆಗೆ ಸಹಿ ಇರುತ್ತದೆ, ನೋಡಿಕೊ. ನಿನ್ನ ಆಯಿಗೆ, ಅಂದರೆ ನನ್ನ ಅವ್ವನಿಗೆ, ಹೆಣ್ಣುಮಕ್ಕಳಿರಲಿಲ್ಲ. ದೊಡ್ಡ ಮಗ ರಾಮಲಿಂಗ, ನಿನ್ನ ಅಪ್ಪ, ಒಲೆಯ ಹತ್ತಿರ ಬಂದರೆ ಹಾಲು ಉಕ್ಕಿಸುತ್ತಿದ್ದ. ಅದಕ್ಕೆ ಸಣ್ಣವನಾದ ನನ್ನ ಕೈಗೆ ಲಟ್ಟಣಿಗೆ ಬಂತು. ಮನೆಗೆ ಇಬ್ಬರು ಸೊಸೆಯಂದಿರು ಬಂದ ಮೇಲೂ ಈ ಒಂದು ಅಡುಗೆಯನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಅವರು ರೊಟ್ಟಿ ಬಡಿಯಲಿ, ಝುಣಕ ಮಾಡಲಿ, ಪುಂಡಿಪಲ್ಲೆ ಕುದಿಸಲಿ. ಗೆಣಸು ಒಲೆಯ ಹತ್ತಿರ ಬಂದಿತೆಂದರೆ ಅವರು ಹೊರಗೆ, ನಾನು ಒಳಗೆ.

ನೀನು ಹುಟ್ಟಿದಂದಿನಿಂದ ಇದನ್ನು ನೋಡಿದ್ದೀ. ಗೆಣಸನ್ನು ಅಟ್ಟದ ಮೇಲೆ ಹುಲ್ಲು ಹಾಸಿ ಎರಡು ವಾರ ಒಣಗಲು ಬಿಡುತ್ತಿದ್ದೆ. ಆಮೇಲೆ ನೀರಿನಲ್ಲಿ ಕುದಿಸದೆ, ಒಲೆಯ ಬಿಸಿ ಬೂದಿಯಲ್ಲಿ ಹೂಳಿ ಸುಡುತ್ತಿದ್ದೆ. ಸಿಪ್ಪೆಯ ಮೇಲೆ ಜೇನಿನಂಥ ಪಾಕ ಒಸರುವವರೆಗೆ ನೀನು ಒಲೆಗೆ ಮೈ ಕಾಯಿಸುತ್ತ ಕುಳಿತಿರುತ್ತಿದ್ದೆ. ಕಾಕು ಕಡೆದ ಬೆಣ್ಣೆಯನ್ನು ಹಚ್ಚಿಕೊಂಡು ಅರ್ಧ ಗೆಣಸು ನೀನೇ ತಿಂದು ಮುಗಿಸಿ, ಹೂರಣ ಕಡಿಮೆ ಬಿದ್ದರೆ ನನಗೇ ಬೈಯುತ್ತಿದ್ದೆ. ಹೋಳಿಗೆ ತಾಟಿಗೆ ಬಂದ ಮೇಲಂತೂ ನಿನ್ನ ಮುಂದೆ ನ್ಯಾಯಾಧೀಶರೂ ಕಡಿಮೆ. ಸೊಂಟದ ಮೇಲೆ ಕೈಯಿಟ್ಟುಕೊಂಡು, "ಕಾಕಾ, ಇದರಾಗ ಬೆಲ್ಲ ಹಾಕಿಯೋ, ಬರೇ ಬೆಲ್ಲದ ಸುದ್ದಿ ಹೇಳಿಯೋ?" ಎನ್ನುತ್ತಿದ್ದೆ. ಇನ್ನೊಮ್ಮೆ, "ಎಷ್ಟ ದಪ್ಪ ಮಾಡಿಯೋ! ತಿನ್ನಬೇಕೋ, ಹಾಸಿಕೊಂಡ ಮಕ್ಕೋಬೇಕೋ?" ಕಾಲೇಜಿಗೆ ಹೋದ ಮೇಲೂ ಅದೇ. ಬ್ಯಾಂಕಿನಲ್ಲಿ ನೌಕರಿ ಹತ್ತಿದ ಮೇಲೂ ಅದೇ. ನಂದಗಡದಿಂದ ಬಂದವರು, ಗೋವಾದಿಂದ ಬಂದವರು, ಹಲಸಿಯ ಗುಡಿ ನೋಡಲು ಬಂದು ದಾರಿ ತಪ್ಪಿ ನಮ್ಮ ಮನೆಗೆ ಬಂದವರು, ಎಲ್ಲರೂ ನನ್ನ ಹೋಳಿಗೆ ತಿಂದು ಕಣ್ಣು ಮುಚ್ಚಿದ್ದಾರೆ. ನಿನ್ನ ಬಾಯಿಂದ ಮಾತ್ರ ಒಂದು ದಿನವೂ ಒಳ್ಳೆಯ ಮಾತು ಬರಲಿಲ್ಲ.

ಅಂಥವಳು ಬೀಗರ ಹೋಳಿಗೆಗೆ "ಎಲ್ಲಿಯೂ ತಿಂದಿಲ್ಲ" ಎಂದು ಬರೆದರೆ ನನಗೆ ಹೇಗಾಗಬೇಕು, ನೀನೇ ಹೇಳು.

ಅಲ್ಲಿಗೆ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮೂರು ದಿನ ಬಿಟ್ಟು ನಿನ್ನ ಫೋನು ಬಂತು. ಬರುವ ಸೋಮವಾರ ನಿನ್ನ ಉಡಿ ತುಂಬುವ ಕುಬಸದ ಸಲುವಾಗಿ. ಸೀರೆ ಯಾವ ಬಣ್ಣದ್ದು, ಎಷ್ಟು ಜನ ಬರುತ್ತೀರಿ, ಎಲ್ಲ ಮಾತಾಡಿದಿ. ಕೊನೆಗೆ ವೈನಿಗೆ ಹೇಳಿದಿ: "ಅವ್ವಾ, ಬುತ್ತಿಯೊಳಗ ಉಳದದ್ದೆಲ್ಲ ನೀವು ತರ್ರಿ. ಗೆಣಸಿನ ಹೋಳಿಗಿ ಅಷ್ಟ ಮಾವನವರು ಮಾಡ್ತಾರಂತ. ಅವರಿಗೆ ಭಾಳ ಆಸೆ ಐತಿ."

ಬಸುರಿಯ ಉಡಿ ತುಂಬುವ ದಿನ ತವರಿನ ಬುತ್ತಿ ಬರಬೇಕು, ಮೊದಲ ಸಿಹಿ ತುತ್ತು ತವರಿನ ಕೈಯದ್ದೇ ಆಗಬೇಕು. ಇದು ನಮ್ಮಲ್ಲಿ ಮೊದಲಿನಿಂದಲೂ ನಡೆದು ಬಂದದ್ದು. ಗಂಡನ ಮನೆಯವರಿಗೆ ವರ್ಷವೆಲ್ಲ ಅಡುಗೆ ಮಾಡಿ ಹಾಕಲು ದಿನಗಳಿವೆ. ಈ ಒಂದು ದಿನವನ್ನೂ ಅವರೇ ತಗೊಂಡರೆ ನಾವು ಬಂದು ಏನು ಮಾಡಬೇಕು? ಚಪ್ಪಲಿ ಕಾಯಬೇಕೇ? ನಾನು ವೈನಿಗೆ ಇದನ್ನೇ ಕೇಳಿದೆ. "ಇರಲಿ ಬಿಡೋ, ಹೆಂಡತಿ ಇಲ್ಲದ ಮನಷ್ಯಾ, ಸೊಸಿಗೆ ಮಾಡಿ ಹಾಕತೀನಿ ಅಂದ್ರ ಬ್ಯಾಡ ಅನ್ನಾಕ ಬರತೈತೇನ?" ಎಂದಳು. ನಿನ್ನ ಅಪ್ಪ ಎಂದಿನಂತೆ ಬಾಯಿಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಎರಡೂ ಕಡೆ ತಲೆಯಾಡಿಸಿದ.

ಮತ್ತೆ ನೀನು ಅದೇ ಫೋನಿನಲ್ಲಿ ಒಂದು ಚೀಲ ಗೆಣಸನ್ನೂ ಕೇಳಿದಿ. "ನಮ್ಮ ಹೊಲದ್ದು ಕಳಸ್ರಿ, ಮಾವನವರು ಅಷ್ಟರಾಗ ಕೈ ರೂಢಿ ಮಾಡಿಕೊಳ್ಳಲಿ" ಎಂದು. ನನ್ನ ಹೊಲದ ಗೆಣಸು, ಬೀಗರ ಹೆಸರು! ಆಯಿತು ಎಂದೆ. ಚೀಲ ನಾನೇ ತುಂಬಿದೆ, ಬಾಯಿ ನಾನೇ ಹೊಲಿದೆ. ಗೆಣಸು ಕೆಂಪಗೆ, ದಪ್ಪಗೆ, ನೋಡಲು ಬಲು ಚೆಂದ ಇದ್ದವು. ಹಿಂದಿನ ಸಂಜೆಯಷ್ಟೇ ಅಗೆದದ್ದು. ಹಸಿ ಗೆಣಸಿನೊಳಗೆ ಬರೀ ನೀರು, ಹೂರಣ ಕಟ್ಟಿಯೂ ಕಟ್ಟುವುದಿಲ್ಲ. ಅಟ್ಟದ ಮೇಲಿದ್ದವನ್ನು ಯಾಕೆ ಕಳಿಸಲಿಲ್ಲ ಎಂದು ನೀನು ಕೇಳಬಹುದು. ಏಣಿ ಮುರಿದಿತ್ತು ಎಂದು ಬರೆಯೋಣ ಎಂದುಕೊಂಡಿದ್ದೆ. ಕಾಕು ಹಿಂದೆ ನಿಂತು ಓದುತ್ತಿದ್ದಾಳೆ, ಆದ್ದರಿಂದ ಏಣಿ ಗಟ್ಟಿಯಾಗಿಯೇ ಇದೆ ಎಂದು ಬರೆಯುತ್ತೇನೆ. ಬೇಕೆಂದೇ ಹಸಿಯವನ್ನು ಕಳಿಸಿದೆ. ಜಾಣತನವಿದ್ದವನು ಮಾಡುವುದೇ ಹಾಗೆ.

ಬಿತ್ತಿದ ಮೇಲೆ ಮೊಳಕೆ ನೋಡದೆ ಇರಲಾಗುತ್ತದೆಯೇ? ಮೊನ್ನೆ ಮಂಗಳವಾರ, ಪಂಪು ಕೆಟ್ಟಿದೆ, ಆಟೋ ನಗರಕ್ಕೆ ಹೋಗಿ ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದೆ. ನೀನು ಬ್ಯಾಂಕಿಗೆ ಹೋಗುವ ಹೊತ್ತು ನೋಡಿಕೊಂಡೇ ಮಹಾಂತೇಶ ನಗರದಲ್ಲಿ ಇಳಿದೆ. ಹೌದು, ನಾನು ನಿಮ್ಮ ಮನೆಗೆ ಬಂದಿದ್ದೆ. ನಿನಗೆ ಹೇಳಬೇಡಿರೆಂದು ಬೀಗರಿಂದ ಮಾತು ತಗೊಂಡಿದ್ದೆ. ಎರಡು ದಿನವಾದರೂ ಅವರು ಮಾತು ಉಳಿಸಿಕೊಂಡರೆಂದರೆ, ಅದು ಕೂಡ ನನಗೆ ತಡೆಯಲಾಗುತ್ತಿಲ್ಲ.

ಬಾಗಿಲು ತೆಗೆದವರು ನಿನ್ನ ಮಾವ ಮೈಲಾರಲಿಂಗಪ್ಪನವರೇ. ಆಟೋ ನಗರದಲ್ಲಿ ಲೇಥು ನಡೆಸಿ ದೊಡ್ಡ ದೊಡ್ಡ ಗಾಡಿಗಳ ಭಾಗ ಮಾಡಿದ ಮನುಷ್ಯ. ಆಗ ನೋಡಬೇಕಿತ್ತು ಅವರನ್ನು. ಮೊಣಕೈವರೆಗೆ ಹಿಟ್ಟು, ಕನ್ನಡಕದ ಮೇಲೆ ಹಿಟ್ಟು, ಹೆಗಲ ಮೇಲೆ ಒರೆಸುವ ಅರಿವೆ.

"ಅಯ್ಯ, ಬೀಗರ! ಬರ್ರಿ, ಬರ್ರಿ, ಕುಂದರ್ರಿ. ಒಂದ ಫೋನ್ ಮಾಡಿ ಬರಬಾರದೇನ್ರಿ?"

"ಆಟೋ ನಗರಕ್ಕ ಪಂಪ್ ರಿಪೇರಿಗೆ ಬಂದಿದ್ನಿರಿ. ಹಂಗ ಮಾತಾಡಿಸಿ ಹೋದ್ರಾತು ಅಂತ."

"ಯಾವ ಪಂಪರಿ? ಎಲ್ಲೈತಿ? ನಿಮ್ಮ ಅಳ್ಯಾಗ, ನಮ್ಮ ಸಂಜಯಗ ಫೋನ್ ಹಚ್ಚತೀನಿ ತಡೀರಿ, ಅರ್ಧಾ ತಾಸಿನಾಗ ಮಾಡಿಸಿ ಕೊಡ್ತಾನ."

"ಪಂಪ... ಮನ್ಯಾಗ ಉಳೀತರಿ."

ಪಂಪು ಮನೆಯಲ್ಲಿ ಬಿಟ್ಟು ಪಂಪು ರಿಪೇರಿಗೆ ಬಂದವನನ್ನು ಅವರು ಇಷ್ಟು ವರ್ಷದ ಲೇಥಿನ ಕೆಲಸದಲ್ಲಿ ನೋಡಿರಲಿಕ್ಕಿಲ್ಲ. ಆದರೆ ಬೀಗನಾದ ನನಗೆ ಅವರು ಅದನ್ನು ಹೇಗೆ ಹೇಳಬೇಕು? ನಕ್ಕು ನೀರು ಕೊಟ್ಟರು.

ಅಡುಗೆಮನೆಯಲ್ಲಿ ಇಣುಕಿದೆ. ಸಮ್ಮವ್ವಾ, ಅದು ಅಡುಗೆಮನೆಯಲ್ಲ, ಕಾರಖಾನೆ. ಹೂರಣದ ಉಂಡಿಯನ್ನು ತಕ್ಕಡಿಯಲ್ಲಿಟ್ಟು ಗ್ರಾಮಿನ ಲೆಕ್ಕದಲ್ಲಿ ತೂಗುತ್ತಾರೆ. ಕಣಕಕ್ಕೆ ಬೇರೆ ತೂಕ. ಲಟ್ಟಿಸಿದ್ದರ ಮೇಲೆ ಒಂದು ಸ್ಟೀಲಿನ ಬಟ್ಟಲು ಬೋರಲು ಹಾಕಿ ಅಂಚನ್ನು ಗುಂಡಗೆ ಕತ್ತರಿಸುತ್ತಾರೆ. ಓಹೋ, ಫೋಟೋದಲ್ಲಿ ಕಂಡ ಗುಂಡು ಇಲ್ಲಿಂದ ಬಂದದ್ದು! ನನ್ನ ಹೋಳಿಗೆ ಖಾನಾಪುರ ತಾಲೂಕಿನ ನಕಾಶೆಯ ಹಾಗೆ ಇರಬಹುದು, ಆದರೆ ಬಟ್ಟಲಿನಿಂದ ಕತ್ತರಿಸಿದ್ದಲ್ಲ. ಮತ್ತೆ ನನ್ನ ಹಸಿ ಗೆಣಸು ತನ್ನ ಕೆಲಸ ಮಾಡಿತ್ತು. ಹೂರಣ ಅಂಬಲಿಯ ಹಾಗೆ. ಲಟ್ಟಿಸಿದರೆ ಒಂದು ಬಾಜು ಹರಿಯುತ್ತದೆ, ತವೆಯ ಮೇಲೆ ಹಾಕಿದರೆ ಇನ್ನೊಂದು ಬಾಜು ಹತ್ತಿಕೊಳ್ಳುತ್ತದೆ. ಬೀಗರ ಹಣೆಯ ಮೇಲೆ ಬೆವರು. ನನಗೆ ಎಷ್ಟು ತಂಪಾಯಿತು ಎಂದು ಬರೆದರೆ ಕಾಕು ಕಾಗದ ಕಸಿದುಕೊಳ್ಳುತ್ತಾಳೆ.

"ಹಿಂಗ್ಯಾಕ ಆಗಾಕತ್ತೈತ್ರಿ ಬೀಗರ?" ಎಂದು ಕೇಳಿದರು, ಸಣ್ಣ ಹುಡುಗರ ಹಾಗೆ.

"ಅದಕ್ಕೆಲ್ಲಾ ಕೈಗುಣ ಬೇಕಾಗತೈತ್ರಿ" ಎಂದೆ.

ಆಗ ಅವರು ಡಬ್ಬಿಯಿಂದ ಹಿಂದಿನ ದಿನದ ಒಂದು ಹೋಳಿಗೆ ತೆಗೆದು, ತುಪ್ಪ ಹಾಕಿ, ನನ್ನ ಕೈಗೆ ಕೊಟ್ಟರು. ತಿಂದೆ. ಸಮ್ಮವ್ವಾ, ಸುಳ್ಳು ಹೇಳುವುದಿಲ್ಲ. ಅದು ಹೋಳಿಗೆಯಾಗಿದ್ದರೆ ನಾನು ಪಂಡಿತ. ಕಣಕ ಚಪ್ಪಲಿಯ ಅಟ್ಟೆ. ಒಳಗೆ ಏಲಕ್ಕಿ ಎಷ್ಟು ಹಾಕಿದ್ದರೆಂದರೆ ಊದುಬತ್ತಿ ತಿಂದ ಹಾಗಾಯಿತು. ನನಗೆ ಒಳಗೊಳಗೇ ಕುಣಿಯುವಷ್ಟು ಆನಂದ. ಅದರ ಹಿಂದೆಯೇ ಒಂದು ಸಂಶಯ. ಸಂಕ್ರಾಂತಿಯ ಹೋಳಿಗೆಯೂ ಇದೇ ಕೈಯದ್ದಲ್ಲವೇ? ಅದನ್ನು ತಿಂದೇ ನೀನು "ಎಲ್ಲಿಯೂ ತಿಂದಿಲ್ಲ" ಎಂದೆಯಲ್ಲ? ನನ್ನ ಬೆಲ್ಲದಲ್ಲಿ ತಪ್ಪು ಹುಡುಕಿದ ನಾಲಗೆ ಅಲ್ಲವೇ ಅದು?

ಬೀಗರು ನನ್ನ ಮುಖವನ್ನೇ ನೋಡುತ್ತಿದ್ದರು. "ಖರೇ ಹೇಳ್ರಿ ಬೀಗರ, ಛಲೋ ಆಗೇತೇನ?" ಎಂದರು.

ಬೀಗತನದ ಮಾತು. ಏನೆನ್ನಲಿ? "ಆಗೇತ್ರಿ, ಛಲೋ ಆಗೇತಿ" ಎಂದೆ.

ಅವರು ಕನ್ನಡಕ ತೆಗೆದು ಅರಿವೆಯಿಂದ ಒರೆಸಿಕೊಂಡರು. "ನೀವೂ ಹಂಗ ಅಂದ್ರಿ ನೋಡ್ರಿ. ನಮ್ಮ ಸೊಸಿನೂ ಹಂಗ ಅಂತಾಳ. ಉಪ್ಪಿಟ್ಟ ಹತ್ತಿಸಿದ್ರೂ ಛಲೋ ಆಗೇತ್ರಿ, ಸಾರಿನಾಗ ಹುಣಸಿಹಣ್ಣ ಮರತ್ರೂ ಛಲೋ ಆಗೇತ್ರಿ. ನಮ್ಮಾಕಿ ಇದ್ದಾಗ ನಾ ಒಂದ ಚಹಾ ಮಾಡಿದ್ರ ಇಡೀ ಓಣಿಗೆ ಕೇಳೂ ಹಂಗ ಬೈತಿದ್ಲು. ಆಕಿ ಹೋದ ಮ್ಯಾಲ ಈ ಲಟ್ಟಣಿಗಿ ಯಾರೂ ಮುಟ್ಟಿರಲಿಲ್ಲ. ಸೊಸಿ ಬಂದಳು, ಮನಿಗೆ ಕಳೆ ಬಂತು. ಆದ್ರ ಇನ್ನೂ ಮಂದಿ ಮನ್ಯಾಗ ಊಟಕ್ಕ ಕುಂತಂಗ ಕುಂದರತಾಳ್ರಿ. ತಾಟಿನಾಗ ಹಾಕಿದ್ದು ಮುಗಸತಾಳ, ಹೊಗಳತಾಳ, ತಾಟ ತೊಳದಿಡತಾಳ."

ಅವರೇ ಮುಂದುವರಿಸಿದರು: "ನಿಮ್ಮ ಕಥಿ ಎಲ್ಲಾ ಹೇಳ್ಯಾಳ್ರಿ. ಕಾಕಾನ ಜೋಡಿ ಬೆಲ್ಲದ ಸಲುವಾಗಿ ಜಗಳಾ ಮಾಡ್ತಿದ್ದೆ ಅಂತ ಹೇಳಿ ನಗತಾಳ. ಬೈಸಿಕೊಂಡೀರಲ್ಲ, ನೀವು ಪುಣ್ಯವಂತರು. ನನಗ ನಿಮ್ಮ ಮ್ಯಾಲ ಹೊಟ್ಟಿಕಿಚ್ಚ ನೋಡ್ರಿ. ಅದಕ್ಕ ಈ ಗೆಣಸಿನ ಬೆನ್ನ ಹತ್ತೀನಿ. ಇದೊಂದರಾಗರೆ ಏನರೆ ಅಂದಾಳು ಅಂತ."

ಏನು ಬರೆಯಲಿ ಮಗಳೇ? ನಾನು ಅವರ ಹೊಗಳಿಕೆಗೆ ಉರಿಯುತ್ತ ಖಾನಾಪುರದಿಂದ ಹೋದರೆ, ಆ ಮನುಷ್ಯ ನನ್ನ ಬೈಗುಳಕ್ಕೆ ಉರಿಯುತ್ತ ಅಲ್ಲಿ ಕುಳಿತಿದ್ದಾರೆ! ನನಗೆ ಒಮ್ಮೆಲೇ ಎದೆ ಅಗಲವಾಯಿತು. ಇಷ್ಟು ವರ್ಷ ನೀನು ಬೈದದ್ದೆಲ್ಲ ಬಂಗಾರದ ಬಿಲ್ಲೆಯಾಗಿ ಕೊರಳಿಗೆ ಬಿದ್ದ ಹಾಗೆ. ಹೊಗಳಿಕೆ ಬೀಗರಿಗೆ, ಬೈಗುಳ ಮನೆಯವರಿಗೆ. ಗೆದ್ದೆ ಎಂದುಕೊಂಡೆ. ಆ ಉಮೇದಿನಲ್ಲಿ ಅವರಿಗೆ ಎರಡು ಗುಟ್ಟನ್ನೂ ಹೇಳಿಕೊಟ್ಟೆ: ಹೂರಣವನ್ನು ಕಡಾಯಿಗೆ ಹಾಕಿ ನೀರಾರುವವರೆಗೆ ತಿರುವಬೇಕು, ಲಟ್ಟಿಸುವಾಗ ಅಕ್ಕಿಹಿಟ್ಟು ಉದುರಿಸಬೇಕು. ಬೂದಿಯಲ್ಲಿ ಸುಡುವುದನ್ನು ಹೇಳಲಿಲ್ಲ. ಎಲ್ಲವನ್ನೂ ಹೇಳಲು ನನಗೇನು ಹುಚ್ಚು ಹಿಡಿದಿತ್ತೇ?

ಅಷ್ಟರಲ್ಲಿ ಅವರ ಫೋನು ಬಡಿಯಿತು. ಕೈಗೆಲ್ಲ ಹಿಟ್ಟಾಗಿತ್ತೆಂದು ಅವರು ಕಟ್ಟೆಯ ಮೇಲೆಯೇ ಇಟ್ಟು ಸ್ಪೀಕರ್ ಹಾಕಿದರು. ನೀನು. ನಾನು ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ.

"ಮಾವಾರ, ಗುಳಗಿ ತಗೊಂಡ್ರಿ?"

"ತಗೊಂಡ್ನಿ ಅವ್ವಾ."

"ಮತ್ತ ಗ್ಯಾಸಿನ ಮುಂದ ನಿಂತೀರೇನ?"

"ಇಲ್ಲವ್ವಾ... ಹಿಂಗ ಸುಮ್ಮನ..."

"ಸುಮ್ಮನ ಏನ್ರಿ, ಸರ್ ಸರ್ ಅಂತ ಕೇಳಾಕತ್ತೈತಿ! ಒಂದ ಮಾತ ಹೇಳಲೇನ, ಸಿಟ್ಟಿಗೇಳಬ್ಯಾಡ್ರಿ. ನಿನ್ನೀ ಹೋಳಿಗಿ ಡಬ್ಬಿಗೆ ಕಟಕೊಂಡ ಬಂದಿದ್ನಿ, ಬ್ಯಾಂಕಿನ್ಯಾಗ ಹಲ್ಲಿಗೆ ಹತ್ತಿ ಬಾಯಿ ತೆಗೀಲಿಕ್ಕ ಆಗವಲ್ದು. ಗಿರಾಕಿ ಮುಂದ ನಿಂತಾರ, ನಾ ಮೂಗರಂಗ ಕೈ ಮಾಡಾಕತ್ತೀನಿ! ಏನ ಹಾಕ್ತೀರಿ ಅದರಾಗ, ಸಿಮೆಂಟ? ಮತ್ತ ಆ ಏಲಕ್ಕಿ ಡಬ್ಬಿ ನಾ ಬಚ್ಚಿಡತೀನಿ ಇವತ್ತ, ನೋಡ್ರಿ."

ನಾನು ಬೀಗರ ಮುಖ ನೋಡಿದೆ. ನೋಡಬಾರದಿತ್ತು. ಹಿಟ್ಟು ಮೆತ್ತಿದ ಆ ಮುಖ ಹಬ್ಬದ ದಿನ ಹೊಸ ಅಂಗಿ ತೊಟ್ಟ ಹುಡುಗನ ಮುಖದಂತೆ ಅರಳಿತು. "ಬಚ್ಚಿಡವಾ, ಬಚ್ಚಿಡು. ನನಗ ಅಳತಿ ತಿಳ್ಯಾಂಗಿಲ್ಲ" ಎನ್ನುತ್ತಿದ್ದಾರೆ, ಕಣ್ಣಲ್ಲಿ ನೀರು. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಕೇಳಿದ್ರೇನ್ರಿ ಬೀಗರ? ಸಿಮೆಂಟ ಅಂದ್ಲು! ಸಿಮೆಂಟ!" ಎಂದು ನನ್ನ ಬೆನ್ನಿಗೆ ಗುದ್ದಿದರು. ನನ್ನ ಅಂಗಿಯ ಮೇಲೆ ಇನ್ನೂ ಅವರ ಅಂಗೈಯ ಗುರುತಿದೆ.

ನಾನೂ ನಕ್ಕೆ. ಎಲೆಅಡಿಕೆ ಹಾಕಿಕೊಂಡೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಬಸ್ಸು ಖಾನಾಪುರ ಮುಟ್ಟುವವರೆಗೂ ಕಿಡಕಿಯ ಹೊರಗೆ ಏನಿತ್ತೋ ನನಗೆ ಗೊತ್ತಿಲ್ಲ. ಒಂದೇ ವಿಚಾರ. ಮೇಲೆ ನಾನು ಒಂದು ಸುಳ್ಳು ಬರೆದಿದ್ದೇನೆ. ನಿನ್ನ ಬಾಯಿಂದ ಒಂದು ದಿನವೂ ಒಳ್ಳೆಯ ಮಾತು ಬರಲಿಲ್ಲ ಎಂದು. ಬಂದಿತ್ತು. ಹೋದ ದೀಪಾವಳಿಗೆ ನೀನು ಗಂಡನ ಜೊತೆ ಬಂದಾಗ, ಆ ವರ್ಷದ ಮೊದಲ ಗೆಣಸು ತೆಗೆದು ಹೋಳಿಗೆ ಮಾಡಿದ್ದೆ. ನೀನು ಸಂಜಯನ ಬಾಜು ಕುರ್ಚಿಯ ಮೇಲೆ ಕುಳಿತು ತಿಂದಿ, ಒಲೆಯ ಹತ್ತಿರ ಅಲ್ಲ. ತಿಂದು, "ಭಾಳ ಛಲೋ ಆಗ್ಯಾವ ಕಾಕಾ" ಎಂದಿ. ಕೈ ತೊಳೆದುಕೊಂಡಿ. ನನಗೆ ಕುಣಿಯಬೇಕೆನಿಸಿತ್ತು. ಊರ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಹೇಳಿದೆ, ಕಡೆಗೂ ನಮ್ಮ ಹುಡುಗಿ ಸೋತಳು, ಒಪ್ಪಿಕೊಂಡಳು ಎಂದು. ಈಗ ಬಸ್ಸಿನಲ್ಲಿ ಅದೇ ಮಾತು ಕಿವಿಗೆ ಬಿದ್ದ ಹಾಗಾಗಿ, ಸೀಟಿನ ಕಂಬಿ ಹಿಡಿದು ಕುಳಿತೆ. ಛಲೋ ಆಗ್ಯಾವ. ಬೀಗರಿಗೆ ಹೇಳುವ ಮಾತು ಅದು. ನಾನು ಯಾವಾಗ ನಿನಗೆ ಬೀಗನಾದೆ?

ಲಗ್ನದ ದಿನ ನಿನ್ನನ್ನು ಕಾರಿನಲ್ಲಿ ಕೂರಿಸುವಾಗ ಮನೆಮಂದಿಯೆಲ್ಲ ಅತ್ತರು. ನಾನು ಅಳಲಿಲ್ಲ. ಹೋದರೆ ಎಲ್ಲಿ ಹೋಗುತ್ತಾಳೆ, ಒಂದು ಬಸ್ಸಿನ ದಾರಿ ಎಂದುಕೊಂಡಿದ್ದೆ. ಮೊನ್ನೆ ಆ ಬಸ್ಸಿನಲ್ಲಿ ಕುಳಿತಾಗ ದಾರಿ ಬಹಳ ಉದ್ದ ಎನಿಸಿತು.

ಮನೆಗೆ ಬಂದಾಗ ಕಾಕು ಬಾಗಿಲಲ್ಲೇ ನಿಂತು, "ಪಂಪ ರಿಪೇರಿ ಆತೇನ್ರಿ?" ಎಂದಳು. ಹಿತ್ತಲಿನಲ್ಲಿ ಪಂಪು ಬುಸುಬುಸು ನೀರು ಹೊಡೆಯುತ್ತಿತ್ತು. ನಾನು ಕಾಲು ತೊಳೆದುಕೊಂಡೆ. ಅವಳು ಮತ್ತೆ ಕೇಳಲಿಲ್ಲ. ತಾಟಿಗೆ ರೊಟ್ಟಿ ಹಾಕಿ, ಕೆಂಪು ಮೆಣಸಿನಕಾಯಿಯ ರಂಜಕದ ಮೇಲೆ ಎಣ್ಣೆ ಹಾಕಿ, ಬಾಜು ಕುಳಿತಳು. ಅವಳು ಹೀಗೆ ಸುಮ್ಮನೆ ಕುಳಿತರೆ ನನಗೆ ಎಲ್ಲ ಹೇಳಬೇಕಾಗುತ್ತದೆ. ಹೇಳಿದೆ. ಕೇಳಿ, "ಬೀಗರ ಮ್ಯಾಲಿನ ಸಿಟ್ಟು ಗೆಣಸಿನ ಮ್ಯಾಲ ತಗೊಂಡ್ರಿ. ಹೋಗ್ಲಿ ಬಿಡ್ರಿ, ಗೆಣಸಿಗೆ ಬಾಯಿಲ್ಲ. ನಿಮಗ ಐತಲ್ಲ, ಹುಡುಗಿಗೆ ಏನ ಬೇಕಂತ ಕೇಳ್ರಿ" ಎಂದಳು. ಕೇಳಲು ನನಗೆ ಬರುವುದಿಲ್ಲ, ಅದಕ್ಕೆ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಸೋಮವಾರದ ಗೆಣಸಿನ ಹೋಳಿಗೆಯನ್ನು ಬೀಗರೇ ಮಾಡಲಿ. ನಾನು ಒಪ್ಪಿದ್ದೇನೆ. ಒಪ್ಪಿದ್ದು ದೊಡ್ಡ ಮನಸ್ಸಿನಿಂದ ಎಂದು ನಿನ್ನ ಮಾವನವರಿಗೆ ಹೇಳು. ಹೊಟ್ಟೆ ಇನ್ನೂ ಉರಿಯುತ್ತಿದೆ ಎಂದು ಹೇಳಬೇಡ. ನಾಳೆ ನಿನ್ನ ಅಪ್ಪ ಕುಬಸದ ಸೀರೆ ತರಲು ಖಡೇಬಜಾರಿಗೆ ಬರುತ್ತಾನೆ. ಅವನ ಕೈಯಲ್ಲಿ ಈ ಪತ್ರದ ಜೊತೆ ಅಟ್ಟದ ಮೇಲಿನ ಗೆಣಸು ಒಂದು ಚೀಲ ಕಳಿಸುತ್ತಿದ್ದೇನೆ, ಒಣಗಿದ್ದು, ಒಳ್ಳೆಯದು. ಹಸಿಯವನ್ನು ಬೀಗರು ಸಾರಿಗೆ ಹಾಕಿಕೊಳ್ಳಲಿ. ಬೂದಿಯ ಗುಟ್ಟನ್ನು ಹೇಳುವುದಾದರೆ ನೀನೇ ಹೇಳು, ನನ್ನ ಕೈ ಬರೆಯಲು ಒಪ್ಪುತ್ತಿಲ್ಲ. ಅವರ ಹೋಳಿಗೆ ಸೋಮವಾರ ಚೆಂದಾಗಿ 'ಸಿಮೆಂಟ' ಆಗಲಿ ಎಂದು ನಾನು ಬೀರದೇವರಿಗೆ ಬೇಡಿಕೊಂಡಿಲ್ಲ. ಒಂದು ಸಲ ಮನಸ್ಸಿಗೆ ಬಂತು, ಅಷ್ಟೇ.

ಗೆಣಸಿನ ಚೀಲದ ಮೇಲೆ ಅರಿವೆಯಲ್ಲಿ ಸುತ್ತಿದ ಒಂದು ಡಬ್ಬಿ ಇದೆ. ಅದು ನಿನಗೆ. ಇಂದು ಬೆಳಗ್ಗೆ ಮಾಡಿದ್ದು. ಅದು ಬುತ್ತಿಗೆ ಸೇರಿದ್ದಲ್ಲ, ಕುಬಸಕ್ಕೂ ಸೇರಿದ್ದಲ್ಲ. ತವರಿನ ಶಾಸ್ತ್ರ ವೈನಿ ನೋಡಿಕೊಳ್ಳುತ್ತಾಳೆ. ಕುರ್ಚಿಯ ಮೇಲೆ ಕುಳಿತು ತಿನ್ನಬೇಡ. ನಿಮ್ಮ ಮನೆಯಲ್ಲಿ ಒಲೆ ಇಲ್ಲ, ನನಗೆ ಗೊತ್ತು. ಗ್ಯಾಸಿನ ಕಟ್ಟೆಯ ಕೆಳಗೆ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂರು, ಬೆನ್ನಿಗೆ ದಿಂಬು ಇಟ್ಟುಕೊ. ಎದ್ದೇಳುವಾಗ ಯಾರದಾದರೂ ಕೈ ಹಿಡಿದುಕೊ. ನಿನ್ನ ಮಾವನವರ ಕೈಯನ್ನು ಹಿಡಿದುಕೊಂಡರೂ ನಡೆಯುತ್ತದೆ.

ಸಂಜಯನಿಗೆ ಆಶೀರ್ವಾದ. ಬೀಗರಿಗೆ ನಮಸ್ಕಾರ, ಅದರಲ್ಲಿ ಕಿಚ್ಚಿಲ್ಲ.

ಇಂತು, ಖಾನಾಪುರ ತಾಲೂಕಿನಲ್ಲಿ ಗೆಣಸಿನ ಹೋಳಿಗೆಗೆ ಹೆಸರಾದ
ನಿನ್ನ ಕಾಕಾ
ನಾಗಲಿಂಗ

ತಾ.ಕ.: ಡಬ್ಬಿಯ ಹೋಳಿಗೆಯಲ್ಲಿ ಒಂದನ್ನು ನಿನ್ನ ಕಾಕು ತಿಂದು ನೋಡಿ, "ಅಯ್ಯ, ಉಪ್ಪ ಮರತೀರಲ್ರಿ! ಕಣಕ ಸಪ್ಪಗ ಆಗೇತಿ, ಬ್ಯಾರೆ ಮಾಡಿ ಕಳಸ್ರಿ" ಎಂದು ಗದ್ದಲ ಮಾಡುತ್ತಿದ್ದಾಳೆ. ನಾನು ಮರೆತಿಲ್ಲ. ಉಪ್ಪಿನ ಡಬ್ಬಿ ಕೈಯಲ್ಲೇ ಇತ್ತು, ಕೆಳಗಿಟ್ಟೆ. ನಾಳೆ ಸಂಜೆ ಬ್ಯಾಂಕಿನಿಂದ ಬಂದು ತಿಂದು ನೋಡು. ಫೋನು ಎತ್ತಲು ನನಗೆ ಅಪ್ಪಣೆ ಇದೆ, ನಿನಗೆ ಗೊತ್ತಲ್ಲ. ಛಲೋ ಆಗ್ಯಾವ ಅನ್ನುವುದಾದರೆ ಮಾತ್ರ ಮಾಡಬೇಡ.